ತಾಮ್ರದ ಆಕ್ಸೈಡ್‌ಗಳಲ್ಲಿ ಅತಿವಾಹಕದ ಹುಡುಕಾಟ

1911ರಲ್ಲಿ ಲೈಡನ್‌ನಲ್ಲಿ ಪಾದರಸ 4.2 ಕೆಲ್ವಿನ್‌ನಲ್ಲಿ (ಮೈನಸ್ 273 ಡಿಗ್ರಿ ಸೆಲ್ಸಿಯಸ್‌ನಿಂದ ಎಣಿಸುವ ತಾಪಮಾನ) ವಿದ್ಯುತ್ ರೋಧ ಪೂರ್ತಿ ಕಳೆದುಕೊಂಡು ಅತಿವಾಹಕವಾಯಿತು. 1973ಕ್ಕೆ ನಿಯೋಬಿಯಂ-ಜರ್ಮೇನಿಯಂ ಸಂಯುಕ್ತ 23ಕ್ಕೆ ಮುಟ್ಟಿತು. 62 ವರ್ಷಕ್ಕೆ ಗಳಿಕೆ 19 ಡಿಗ್ರಿ.

1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದ ಬೆಡ್ನೋರ್ಜ್ ಮತ್ತು ಮ್ಯೂಲರ್ ಲ್ಯಾಂಥನಂ-ತಾಮ್ರದ ಆಕ್ಸೈಡ್ ಹಿಡಿದರು. ಅದು ಮೂಲತಃ ನಿರೋಧಕ. ಲ್ಯಾಂಥನಂನ ಆವೇಶ ಮೂರು, ಬೇರಿಯಂನದು ಎರಡು. ಲ್ಯಾಂಥನಂ ಜಾಗಕ್ಕೆ ಬೇರಿಯಂ ಸ್ವಲ್ಪ ಸೇರಿಸಿದರೆ ತಾಮ್ರ-ಆಕ್ಸಿಜನ್ ಪದರದಲ್ಲಿ ಎಲೆಕ್ಟ್ರಾನ್ ಕೊರತೆಯಾಗುತ್ತದೆ. ಡೋಪಿಂಗ್ ಎಂದರೆ ಇಷ್ಟೇ. ಕೊರತೆ ತಾಮ್ರದ ಪರಮಾಣುವಿಗೆ ಸುಮಾರು 0.16 ಇದ್ದರೆ ಉತ್ತಮ, ಹೆಚ್ಚಾದರೂ ಕೆಡುತ್ತದೆ. ಅವರಿಗೆ 30 ಕೆಲ್ವಿನ್‌ನ ಮೇಲೆ ಅತಿವಾಹಕತೆ ಸಿಕ್ಕಿತು, ಮರುವರ್ಷವೇ ನೊಬೆಲ್ ಬಂತು.

1987ರಲ್ಲಿ ಯಿಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ 90 ದಾಟಿತು. ದ್ರವ ನೈಟ್ರೋಜನ್ ಕುದಿಯುವುದು 77ಕ್ಕೆ, ಹಾಗಾಗಿ ದುಬಾರಿ ಹೀಲಿಯಂ ಬೇಕಿಲ್ಲ. ಮೊದಲ ಮಾದರಿಗಳು ಕಲಬೆರಕೆ. ಅದರಲ್ಲಿ ಕೆಲಸದ ಅಂಶ 1:2:3 (ಯಿಟ್ರಿಯಂ, ಬೇರಿಯಂ, ತಾಮ್ರದ ಅನುಪಾತ) ಎಂದು ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಸಿ.ಎನ್.ಆರ್. ರಾವ್ ತಂಡವೂ ಇತ್ತು.

ಪಾಕ ಸುಲಭ ಎನಿಸುತ್ತದೆ: ಯಿಟ್ರಿಯಂ ಆಕ್ಸೈಡ್ 1.13 ಗ್ರಾಂ, ಬೇರಿಯಂ ಕಾರ್ಬೊನೇಟ್ 3.95 (ವಿಷ, ಧೂಳು ಮೂಗಿಗೆ ಹೋಗಬಾರದು), ತಾಮ್ರದ ಆಕ್ಸೈಡ್ 2.39. ಕಲ್ಬತ್ತಿನಲ್ಲಿ ಅರೆದು 920 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟು, ಮತ್ತೆ ಅರೆದು ಮತ್ತೆ ಸುಟ್ಟು, ಬಿಲ್ಲೆ ಒತ್ತಬೇಕು. ಅರೆಯಲು ಬೇಸರಪಟ್ಟರೆ ಕಾರ್ಬೊನೇಟ್ ಉಳಿದು ಕಣಗಳ ಅಂಚಿನಲ್ಲಿ ಕೂತು ವಿದ್ಯುತ್ತಿಗೆ ಅಡ್ಡಬರುತ್ತದೆ. ಬಿಲ್ಲೆ ಕಪ್ಪಗಿರಬೇಕು, ಹಸಿರು ಕಂಡರೆ 2:1:1 ಸೇರಿಕೊಂಡಿದೆ, ಅದು ನಿರೋಧಕ.

ನಿಜವಾದ ಸೋಲು ತಣಿಸುವಾಗ. 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಕ್ಸಿಜನ್ ಹೊರಬಿದ್ದಿರುತ್ತದೆ. ಆಕ್ಸಿಜನ್ ಹರಿಸುತ್ತ 500ರಿಂದ 400ರವರೆಗೆ ಗಂಟೆಗಟ್ಟಲೆ ನಿಧಾನಕ್ಕೆ ಇಳಿಸಿದರೆ ಮರಳಿ ಒಳಸೇರುತ್ತದೆ. ಸೂತ್ರದಲ್ಲಿ ಒಂದು ಯಿಟ್ರಿಯಂಗೆ ಆಕ್ಸಿಜನ್ 6.9 ಇದ್ದರೆ 90 ಕೆಲ್ವಿನ್‌ನಲ್ಲಿ ಅತಿವಾಹಕ, 6.6ಕ್ಕೆ ಸುಮಾರು 60, 6.3ಕ್ಕಿಂತ ಕೆಳಗೆ ಏನೂ ಇಲ್ಲ. ಪುಡಿ ಅದೇ, ತೂಕ ಅದೇ, ಫಲಿತಾಂಶ ಬೇರೆ. ಯಶಸ್ಸಿನ ಗ್ರಾಫ್ ಮುದ್ರಿಸುವವರು ತಣಿಸಿದ ವೇಗವನ್ನೂ ಅಷ್ಟೇ ಶ್ರದ್ಧೆಯಿಂದ ಬರೆದರೆ ಅರ್ಧ ಜಗಳ ಮುಗಿದೀತು.

1993ರಲ್ಲಿ ಪಾದರಸ ಬೆರೆತ ಆಕ್ಸೈಡ್ 133 ಮುಟ್ಟಿತು. 2023ರಲ್ಲಿ ಎಲ್‌ಕೆ-99 ಎಂಬ, ತಾಮ್ರ ಬೆರೆತ ಸೀಸದ ಸಂಯುಕ್ತ ಕೋಣೆಯ ತಾಪದಲ್ಲೇ ಅತಿವಾಹಕ ಎಂಬ ಸುದ್ದಿ ಹಬ್ಬಿತು. ರೋಧ ದಿಢೀರನೆ ಕುಸಿದದ್ದು ಒಳಗಿದ್ದ ತಾಮ್ರದ ಸಲ್ಫೈಡ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ರೂಪ ಬದಲಿಸಿದ್ದರಿಂದ. ಶುದ್ಧ ಹರಳು ನಿರೋಧಕವೇ ಆಗಿತ್ತು. ರೋಧ ಬಿದ್ದರೆ ಸಾಲದು, ಅದೇ ತುಂಡು ಕಾಂತಕ್ಷೇತ್ರವನ್ನು ಹೊರತಳ್ಳಬೇಕು. ಕ್ಷೇತ್ರವಿಲ್ಲದೆ ತಣಿಸಿ ಒಮ್ಮೆ, ಕ್ಷೇತ್ರದಲ್ಲೇ ತಣಿಸಿ ಇನ್ನೊಮ್ಮೆ, ಎರಡೂ ಅಳತೆ ಬೇಕು.