ಸೀಟ್ ಬಿಟ್ಟು ಮೆಟ್ಟಿಲಿಗೆ ಓಡೋರು

ಹೋದ್ವರ್ಷ ಎಚ್‌ಎಸ್‌ಆರ್ ಲೇಔಟಿನ ಒಂದು ಸಾಫ್ಟ್‌ವೇರ್ ಕಂಪನಿ ಓನರ್, ಆಫೀಸ್ ಒಳಾಂಗಣ ನೋಡ್ಕೊಳ್ಳೋ ನಂಗೆ ಫೋನ್ ಮಾಡಿ, "ಮೇಡಂ, ಇಷ್ಟು ದುಡ್ಡು ಸುರಿದು ಆಫೀಸ್ ಮಾಡ್ಸಿದೀನಿ, ಒಬ್ರೂ ಸೀಟಲ್ಲಿ ಇರಲ್ಲ, ಬಂದು ನೋಡಿ" ಅಂದ್ರು. ಹೋಗಿ ನೋಡಿದ್ರೆ ಫೋನಲ್ಲಿ ಮಾತಾಡೋರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತಿದಾರೆ, ಒಬ್ಬ ಹುಡ್ಗ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕ್ಲೈಂಟಿಗೆ ಡೆಮೊ ಕೊಡ್ತಿದಾನೆ!

ಒಳಗೆ ಫಾಲ್ಸ್ ಸೀಲಿಂಗ್ ಇಲ್ಲ (ಈಗಿನ ಫ್ಯಾಷನ್ನು, ಎಸಿ ಗಾಳಿ ಹೋಗೋ ಡಕ್ಟು, ಪೈಪು ಎಲ್ಲಾ ಕಾಣೋ ಹಾಗೆ ಬಿಟ್ಟು ಕಪ್ಪು ಬಣ್ಣ ಹೊಡೆಯೋದು), ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಸುತ್ತ ಗ್ಲಾಸು. ಒಂದ್ಸಲ ಚಪ್ಪಾಳೆ ತಟ್ಟಿದೆ, ಖಾಲಿ ಛತ್ರದಲ್ಲಿ ತಟ್ಟಿದ ಹಾಗೆ ಗುಂಯ್ ಅಂತು. ಸದ್ದನ್ನ ಹೀರ್ಕೊಳ್ಳೋ ಮೆತ್ತನೆ ಸಾಮಾನು ಒಂದೂ ಇಲ್ಲ ಅಲ್ಲಿ. ಎಸಿ ಸದ್ದಿಗೆ ಕಿವಿ ಒಗ್ಗತ್ತೆ, ಆದ್ರೆ ಪಕ್ಕದೋರು ಆಡೋ ಮಾತು ಅರ್ಥ ಆಗ್ತಿದ್ರೆ ತಲೆ ಬೇಡ ಅಂದ್ರೂ ಅದನ್ನೇ ಹಿಂಬಾಲಿಸುತ್ತೆ, ಕೋಡ್ ಅಲ್ಲೇ ನಿಲ್ಲುತ್ತೆ.

ಗೋಡೆ ತೆಗೆದ್ರೆ ಜನ ಬೆರೀತಾರೆ ಅನ್ನೋದು ಓನರ್‌ಗಳ ನಂಬಿಕೆ. 2018ರಲ್ಲಿ ಹಾರ್ವರ್ಡಿನ ಬರ್ನ್‌ಸ್ಟೀನ್, ಟರ್ಬನ್ ಅನ್ನೋರು ಓಪನ್ ಆಫೀಸಿಗೆ ಶಿಫ್ಟ್ ಆದ ಎರಡು ಕಂಪನಿಗಳಲ್ಲಿ ಸೆನ್ಸರ್ ಹಾಕಿ ನೋಡಿದ್ರು, ಎದುರುಬದುರು ಮಾತು ಸುಮಾರು 70 ಪರ್ಸೆಂಟ್ ಕಮ್ಮಿಯಾಗಿ ಇಮೇಲು, ಚಾಟು ಜಾಸ್ತಿ ಆಗಿತ್ತು. ನಂಗೇನೂ ಆಶ್ಚರ್ಯ ಆಗ್ಲಿಲ್ಲ, ಎಲ್ರೂ ಕೇಳಿಸ್ಕೊಳ್ತಾರೆ ಅಂದ್ರೆ ಯಾರು ಬಾಯಿ ಬಿಡ್ತಾರೆ?

ಓನರ್ ಎಲ್ಲದಕ್ಕೂ ಸ್ಕ್ವೇರ್ ಫೀಟ್ ಲೆಕ್ಕ ಹಾಕ್ತಿದ್ರು. ಅಮೆರಿಕದ ಕಡೆ ಒಂದು ಅಂದಾಜು ಲೆಕ್ಕ ಇದೆ, ಒಂದು ಸ್ಕ್ವೇರ್ ಫೀಟಿಗೆ ವರ್ಷಕ್ಕೆ ಕರೆಂಟು ಗಿರೆಂಟು 3 ಡಾಲರ್ ಆದ್ರೆ ಬಾಡಿಗೆ 30, ಸಂಬಳ 300. ನಮ್ಮಲ್ಲಿ ಅಂಕಿ ಬೇರೆ ಇರ್ಬೋದು, ಆದ್ರೆ ಸಾಫ್ಟ್‌ವೇರ್ ಕಂಪನಿಗೆ ದೊಡ್ಡ ಖರ್ಚು ಸಂಬಳಾನೇ ತಾನೇ, ಬಾಡಿಗೆ ಉಳಿಸೋಕೆ ಹೋಗಿ ಸಂಬಳ ತಗೊಳ್ಳೋರನ್ನ ಮೆಟ್ಟಿಲ ಮೇಲೆ ಕೂರಿಸಿದೀರ ಅಂದೆ, ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಆಮೇಲೆ ಸೀಲಿಂಗಿಂದ ಸದ್ದು ಹೀರೋ ಅಕೌಸ್ಟಿಕ್ ಪ್ಯಾನೆಲ್ ಇಳಿಬಿಟ್ವಿ, ನೆಲಕ್ಕೆ ಕಾರ್ಪೆಟ್ ಟೈಲ್, ಸೇಲ್ಸ್‌ನೋರನ್ನ ಬಾಗಿಲ ಕಡೆಗೆ ಸರಿಸಿ, ಒಳಗೆ ಕೂತು ಫೋನಲ್ಲಿ ಮಾತಾಡೋಕೆ ಎರಡು ಮುಚ್ಚಿದ ಫೋನ್ ಬೂತ್. ಮೀಟಿಂಗ್ ರೂಮಿಗೆ ಹೊರಗಿನ ಗಾಳಿ ಬಿಡೋ ಮುಚ್ಚಳ, ಅಂದ್ರೆ ಡ್ಯಾಂಪರ್‌ನ ಯಾರೋ ಕರೆಂಟ್ ಉಳಿಸೋಕೆ ಮುಚ್ಚಿದ್ರು, ಬಯಲಲ್ಲಿ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಆಸುಪಾಸು ಇರೋ ಕಾರ್ಬನ್ ಡೈಆಕ್ಸೈಡು ಅಲ್ಲಿ 1800 ತೋರಿಸ್ತಿತ್ತು. ಮಧ್ಯಾಹ್ನದ ಮೀಟಿಂಗಲ್ಲಿ ತೂಕಡಿಸೋರೆಲ್ಲ ಊಟದ ತಪ್ಪು ಅಂದ್ಕೊಂಡಿದ್ರಂತೆ.

ಈಗ ಮೆಟ್ಟಿಲು ಖಾಲಿ. ಬೂತ್ ಸಾಲ್ತಿಲ್ಲ, ಇನ್ನೊಂದು ಹಾಕಿ ಅಂತ ಓನರ್ರೇ ಫೋನ್ ಮಾಡಿದ್ರು, ಅದಕ್ಕೆ ನಾಲ್ಕು ಸೀಟ್ ತೆಗೀಬೇಕಾಗತ್ತೆ ಅಂದಿದ್ದೇ ತಡ, ಮತ್ತೆ ಕ್ಯಾಲ್ಕುಲೇಟರ್ ಹೊರಗೆ ಬಂತು.