ವಂಶಾವಳಿಯೊಳಗೆ ಊರೀಯನ ಹೆಸರು

ಬೈಬಲ್ ಪಾಠದಲ್ಲಿ ಮತ್ತಾಯನ ಸುವಾರ್ತೆ ಶುರುವಾದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಅಯ್ಯನವರೇ, 18ನೇ ವಚನದಿಂದ ಓದಲಾ?” ಮೊದಲ 17 ವಚನಗಳಲ್ಲಿ ಇರುವುದು ಯೇಸುವಿನ ವಂಶಾವಳಿ, ಬರೀ ಹೆಸರು. ಓದಲು ನಾಲಿಗೆ ತಿರುಗುವುದಿಲ್ಲ. ಆದರೂ ನಾನು ಒಂದನೇ ವಚನದಿಂದಲೇ ಓದಿಸುತ್ತೇನೆ.

ಇಸ್ರಾಯೇಲ್ಯರಿಗೆ ವಂಶಾವಳಿ ಅಂದರೆ ಸುಮ್ನೆ ಹಿರಿಯರ ನೆನಪಲ್ಲ, ಅದು ದಾಖಲೆ. ಕುಲ, ಮನೆತನ ನೋಡಿಯೇ ಭೂಮಿ ಹಂಚುತ್ತಿದ್ದರು. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಗ ಇಲ್ಲ ಅಂತ ನಮ್ಮ ಅಪ್ಪನ ಹೆಸರು ಯಾಕೆ ಅಳಿಯಬೇಕು ಎಂದು ಕೇಳಿ ಜಮೀನಿನಲ್ಲಿ ಪಾಲು ಪಡೆದರು. ಅಪ್ಪನ ಹೆಸರು ಉಳಿಯಬೇಕಾದರೆ ಹೊಲವೂ ಉಳಿಯಬೇಕಿತ್ತು.

ದಾಖಲೆ ಸಿಗದಿದ್ದರೆ ಏನಾಗುತ್ತಿತ್ತು? ಎಜ್ರನ ಪುಸ್ತಕದ 2ನೇ ಅಧ್ಯಾಯ ನೋಡಿ. ಕ್ರಿ.ಪೂ. 538ರಲ್ಲಿ ಪರ್ಷಿಯದ ರಾಜ ಕೋರೆಷ ಅಪ್ಪಣೆ ಕೊಟ್ಟ ಮೇಲೆ ಸೆರೆಯಾಗಿ ಹೋಗಿದ್ದ ಇಸ್ರಾಯೇಲ್ಯರು ಬಾಬೆಲಿನಿಂದ ಊರಿಗೆ ಮರಳಿದರು. ಅವರಲ್ಲಿ ಮೂರು ಯಾಜಕ (ದೇವಾಲಯದ ಪೂಜಾರಿ) ಮನೆತನದವರು ತಮ್ಮ ವಂಶದ ಪಟ್ಟಿ ಹುಡುಕಿದರು, ಸಿಗಲಿಲ್ಲ. ಯಾಜಕತ್ವ ಕೈತಪ್ಪಿತು. ಪವಿತ್ರವಾದ ಊಟವನ್ನೂ ಮುಟ್ಟುವಂತಿರಲಿಲ್ಲ. ಈ ಮೂರರಲ್ಲಿ ಒಂದು ಮನೆತನದ ಹಿರಿಯ, ರಾಜ ದಾವೀದನಿಗೆ ಕಷ್ಟಕಾಲದಲ್ಲಿ ನೆರವಾದ ಬರ್ಜಿಲ್ಲೈಯ ಮಗಳನ್ನು ಮದುವೆಯಾಗಿ ಮಾವನ ಹೆಸರನ್ನೇ ಇಟ್ಟುಕೊಂಡಿದ್ದ. ಪಟ್ಟಿ ಸಿಗದಿದ್ದಕ್ಕೆ ಈ ಹೆಸರು ಬದಲಾವಣೆಯೂ ಒಂದು ಕಾರಣ ಇರಬಹುದು ಅಂತ ನನಗನಿಸುತ್ತದೆ.

ಇಷ್ಟೆಲ್ಲ ಬಿಗಿ ಇದ್ದ ಜನರಿಗೆ ಮತ್ತಾಯ ಯೇಸುವಿನ ವಂಶಾವಳಿ ಬರೆದ. ಅಬ್ರಹಾಮನಿಂದ ಶುರುಮಾಡಿ ಹದಿನಾಲ್ಕರಂತೆ ಮೂರು ಭಾಗ ಮಾಡಿದ. ಹೀಬ್ರೂವಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಅಂಕಿಯ ಬೆಲೆ ಇದೆ; ದಾವೀದ ಎಂಬ ಹೆಸರಿನ ಅಕ್ಷರಗಳ ಬೆಲೆ ಕೂಡಿದರೂ 14 ಬರುತ್ತದೆ: 4, 6, 4. ನಡುವೆ ಮೂವರು ರಾಜರನ್ನು ಬಿಟ್ಟೂ ಬಿಟ್ಟಿದ್ದಾನೆ. ಅದು ತಪ್ಪಲ್ಲ. ಆಗಿನ ವಂಶಾವಳಿಗಳಲ್ಲಿ ‘ಮಗ’ ಅಂದರೆ ಮೊಮ್ಮಗ, ಮರಿಮಗನೂ ಆಗಬಹುದಿತ್ತು.

ರಾಜರನ್ನು ಬಿಟ್ಟವನು ಹೆಂಗಸರನ್ನು ಸೇರಿಸಿಕೊಂಡ, ನೋಡಿ! ಮಾವನಿಂದಲೇ ಬಸುರಾದ ತಾಮಾರಳು. ಯೆರಿಕೋವಿನ ವೇಶ್ಯೆ ರಾಹಾಬಳು. ಮೋವಾಬ್ ಎಂಬ ಪರದೇಶದ ರೂತಳು. ಅಪ್ಪ–ಮಗ, ಅಪ್ಪ–ಮಗ ಅಂತ ಓಡುವ ಪಟ್ಟಿ ಇವರ ಹತ್ತಿರ ಬಂದು ತಡೆಯುತ್ತದೆ. ಅಲ್ಲಿ ನಾವೂ ನಿಲ್ಲಬೇಕು, ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು ಆರನೇ ವಚನ. ದಾವೀದನ ಮಗ ಸೊಲೊಮೋನನ ತಾಯಿ ಬತ್ಷೆಬೆ. ಮತ್ತಾಯ ಆ ಹೆಸರು ಬರೆಯುವುದಿಲ್ಲ, ‘ಊರೀಯನ ಹೆಂಡತಿ’ ಎನ್ನುತ್ತಾನೆ. ಊರೀಯ ಹಿತ್ತಿಯರೆಂಬ ಬೇರೆ ಜನಾಂಗದವನು, ದಾವೀದನ ಸೈನಿಕ. ದಾವೀದ ಅವನ ಹೆಂಡತಿಯನ್ನು ಕರೆಸಿಕೊಂಡ. ಆಮೇಲೆ ಅವನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ. ಅವನನ್ನು ಸಾಯಿಸಲು ಬರೆದ ಪತ್ರವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸಿದ್ದ. ಈ ವಂಶಕ್ಕೂ ಊರೀಯನಿಗೂ ರಕ್ತಸಂಬಂಧ ಏನೇನೂ ಇಲ್ಲ. ಆದರೂ ಅವನನ್ನು ಕೊಲ್ಲಿಸಿದ ರಾಜನ ಹೆಸರಿನ ಪಕ್ಕದಲ್ಲೇ, ಅದೇ ವಚನದಲ್ಲಿ, ಅವನ ಹೆಸರು ಇದೆ.