ಮಧುಮೇಹಕ್ಕೆ ಕಹಿಗಿಂತ ನಾರು ಮುಖ್ಯ

ಹಾಗಲಕಾಯಿ ಕಹಿ, ಆದ್ದರಿಂದ ಅದು ಸಕ್ಕರೆ ಇಳಿಸುತ್ತದೆ ಎಂಬ ನಂಬಿಕೆ ಬಲವಾಗಿದೆ. ನಾಲಿಗೆಯ ರುಚಿಗೂ ರಕ್ತದ ಗ್ಲೂಕೋಸಿಗೂ ಅಂಥ ನೇರ ನಂಟೇನಿಲ್ಲ. ಹಾಗಲಕಾಯಿಯ ಮೇಲೆ ನಡೆದ ಪ್ರಯೋಗಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ. ಸಸ್ಯಾಹಾರದ ನೆರವು ಹೆಚ್ಚಾಗಿ ಸಿಗುವುದು ಕರುಳಿನಲ್ಲಿ, ಅದರ ನಾರಿನಿಂದ.

ಮೆಂತ್ಯ ನೆನೆಸಿಟ್ಟರೆ ಸುತ್ತಲೂ ಲೋಳೆ ಕಟ್ಟುತ್ತದಲ್ಲ, ಅದೇ ಗ್ಯಾಲಕ್ಟೋಮನ್ನಾನ್ ಎಂಬ ಕರಗುವ ನಾರು. ಜಠರದಲ್ಲಿ ಅದು ಊಟವನ್ನು ಮಂದವಾಗಿಸುತ್ತದೆ. ಊಟ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಪಿಷ್ಟವನ್ನು ಒಡೆಯುವ ಕಿಣ್ವಗಳ ಕೆಲಸವೂ ತಡವಾಗುತ್ತದೆ. ಗ್ಲೂಕೋಸ್ ಒಮ್ಮೆಲೇ ನುಗ್ಗದೆ ನಿಧಾನವಾಗಿ ರಕ್ತ ಸೇರುತ್ತದೆ. ಹಾಗಾಗಿ ಮೆಂತ್ಯ ಇರಬೇಕಾದ್ದು ಊಟದ ಜೊತೆಗೆ. ಬೆಳಗ್ಗೆ ಎದ್ದೊಡನೆ ಕುಡಿದು ಎರಡು ಗಂಟೆ ಬಿಟ್ಟು ತಿಂಡಿ ತಿಂದರೆ ಲಾಭದ ಬಹುಪಾಲು ಕೈತಪ್ಪುತ್ತದೆ. ನೀರು ಕುಡಿದು ಕಾಳು ಎಸೆಯುವುದಂತೂ ನಾರನ್ನೇ ಎಸೆದಂತೆ.

ಒಂದು ಟೀಚಮಚ ಕಾಳು ಸುಮಾರು 4 ಗ್ರಾಂ. ಅಷ್ಟರಿಂದಲೇ ಶುರುಮಾಡಿ, ಪುಡಿ ಮಾಡಿ ಬಳಸಿ, ವಾರ ಕಳೆದ ಮೇಲೆ ಪ್ರಮಾಣ ಏರಿಸಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ, ಭೇದಿ ತಪ್ಪಿದ್ದಲ್ಲ. ನುಂಗಿದ ಔಷಧಿ ಮಾತ್ರೆಗಳು ರಕ್ತ ಸೇರುವುದನ್ನೂ ನಾರು ತಡೆಹಿಡಿಯಬಲ್ಲದು. ಮೆಂತ್ಯಕ್ಕೂ ಮಾತ್ರೆಗೂ ನಡುವೆ ಎರಡು ಗಂಟೆ ಅಂತರ ಇರಲಿ. ಗರ್ಭಿಣಿಯರು ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಮೆಂತ್ಯಕ್ಕಿಂತ ತಟ್ಟೆಯನ್ನೇ ಬದಲಿಸುವುದು ದೊಡ್ಡ ಕೆಲಸ. ಅರ್ಧ ತಟ್ಟೆ ಪಿಷ್ಟ ಕಡಿಮೆ ಇರುವ ತರಕಾರಿ, ಕಾಲು ಭಾಗ ಬೇಳೆಕಾಳು, ಉಳಿದ ಕಾಲು ಭಾಗ ಇಡಿಧಾನ್ಯ. ತರಕಾರಿ, ಕಾಳು ಮೊದಲು ತಿಂದು ಧಾನ್ಯವನ್ನು ಕೊನೆಗೆ ತಿಂದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಹಣ್ಣಿನ ರಸ ಬೇಡ: ಸೋಸಿದಾಗ ಹೋಗುವುದು ನಾರು, ಉಳಿಯುವುದು ಸಕ್ಕರೆ. ಸೋರೆಕಾಯಿ ರಸ ಕುಡಿಯುವವರಿಗೆ ಇನ್ನೊಂದು ಮಾತು. ಕಾಯಿ ಕಹಿಯಿದ್ದರೆ ಎಸೆಯಿರಿ. ಅದರಲ್ಲಿನ ಕುಕರ್ಬಿಟಾಸಿನ್ ವಿಷದಿಂದ ರಕ್ತವಾಂತಿಯಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ತರಕಾರಿ, ಕಾಳುಗಳಲ್ಲಿರುವ ಪೊಟ್ಯಾಸಿಯಂ ಲೆಕ್ಕಕ್ಕೆ ಬರುತ್ತದೆ; ಅಂಥವರಿಗೆ ತಟ್ಟೆಯ ಲೆಕ್ಕವೇ ಬೇರೆ.

ಫಲ ಸಿಕ್ಕಿತೇ ಎಂದು ಗ್ಲೂಕೋಮೀಟರ್ ಹೇಳಬೇಕು, "ಹಗುರ ಅನಿಸುತ್ತಿದೆ" ಎಂಬ ಭಾವನೆಯಲ್ಲ. ಅದೇ ಊಟ, ಅಷ್ಟೇ ಪ್ರಮಾಣ. ಒಂದು ದಿನ ಮೆಂತ್ಯ ಸೇರಿಸಿ, ಇನ್ನೊಂದು ದಿನ ಬಿಟ್ಟು. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ಅಳೆಯಿರಿ. ಮೀಟರಿನಲ್ಲೇ ಶೇ 15ರವರೆಗೆ ವ್ಯತ್ಯಾಸ ಇರಬಹುದಾದ್ದರಿಂದ 10 ಮಿ.ಗ್ರಾಂ ಇಳಿಕೆಗೆ ಹಿಗ್ಗಬೇಡಿ, ನಾಲ್ಕಾರು ಸಲ ನೋಡಿ. ಮೂರು ತಿಂಗಳ ಸರಾಸರಿಗೆ ಎಚ್‌ಬಿಎ1ಸಿ ಪರೀಕ್ಷೆ ಇದ್ದೇ ಇದೆ.

ಇಳಿಯಿತೆಂದು ಔಷಧಿ ನಿಲ್ಲಿಸುವುದು ಅಪಾಯ. ಟೈಪ್ 1 ಮಧುಮೇಹ (ದೇಹ ಇನ್ಸುಲಿನ್ ತಯಾರಿಸದ ಬಗೆ) ಇರುವವರು ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಸಂಚಕಾರ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಬಳಸುತ್ತಲೇ ಊಟದ ಪಿಷ್ಟ ಇಳಿಸಿದರೆ ಸಕ್ಕರೆ ಅತಿಯಾಗಿ ಕುಸಿಯಬಹುದು, ಆದ್ದರಿಂದ ಡೋಸ್ ಬಗ್ಗೆ ವೈದ್ಯರೊಂದಿಗೆ ಮೊದಲೇ ಮಾತಾಡಿ. ನಡುಕ, ಬೆವರು ಬಂದು ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷಕ್ಕೆ ಮತ್ತೆ ಅಳೆಯಿರಿ. ಅಕಾರ್ಬೋಸ್ ಮಾತ್ರೆ ತಿನ್ನುವವರಿಗೆ ಮಾತ್ರ ಗ್ಲೂಕೋಸ್ ಪುಡಿಯೇ ಆಗಬೇಕು. ಮನೆಯ ಸಕ್ಕರೆ ಒಡೆಯುವುದನ್ನು ಆ ಮಾತ್ರೆಯೇ ತಡೆಯುತ್ತದೆ.